ಕೊನೆಯ ಸಲ ಕುಡಿದದ್ದು ಯಾವಾಗ ಅಂತ ನಾನು ಕೇಳಿರಲಿಲ್ಲ

ಜುಲೈ ತಿಂಗಳ ಮಳೆ. ದಕ್ಷಿಣ ಕೊಡಗಿನ ಒಂದು ಕಾಫಿ ತೋಟದ ಲೈನ್ ಮನೆಯಿಂದ, ಅಂದರೆ ಕೂಲಿಯವರು ಇರುವ ಸಾಲು ಮನೆಯಿಂದ, ರಾತ್ರಿ ಕರೆ ಬಂತು. "ಒಬ್ಬನಿಗೆ ತಲೆ ಕೆಟ್ಟಿದೆ, ಬೇಗ ಬನ್ನಿ." ನಾನು ಆಂಬ್ಯುಲೆನ್ಸ್‌ನಲ್ಲಿ ಇಎಂಟಿ, ಅಂದರೆ ತುರ್ತು ಚಿಕಿತ್ಸೆ ಕೊಡುವವ. ಸೈರನ್ ಹಾಕಿಕೊಂಡೇ ಗೇಟಿನ ತನಕ ಹೋದೆವು. ಆ ಮನುಷ್ಯನನ್ನು ಸೊಂಟಕ್ಕೆ ಹಗ್ಗ ಹಾಕಿ ಜಗಲಿಯ ಕಂಬಕ್ಕೆ ಕಟ್ಟಿದ್ದರು. ಆ ಚಳಿಯಲ್ಲೂ ಮೈಯೆಲ್ಲ ಬೆವರು, ಕೈ ಗಡಗಡ ನಡುಕ. ತಮ್ಮ ಅಂಗಿಯ ಮೇಲೆ ಇಲ್ಲದ ಇರುವೆಗಳನ್ನು ಅವರು ಹೆಕ್ಕಿ ಹೆಕ್ಕಿ ಎಸೆಯುತ್ತಿದ್ದರು.

ಕೇಸ್ ಶೀಟಿನಲ್ಲಿ 'ಮಾನಸಿಕ' ಅಂತ ಬರೆದೆ. ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ಮೊದಲು ಕೇಳಿದ್ದು, "ಕೊನೆಯ ಸಲ ಕುಡಿದದ್ದು ಯಾವಾಗ?" ನಾನು ಸುಮ್ಮನೆ ನಿಂತೆ. ಜೊತೆಗೆ ಬಂದಿದ್ದ ಹೆಂಡತಿಯೇ ಹೇಳಿದರು: "ಮಳೆಗೆ ಕೆಲಸ ಇಲ್ಲ ಸರ್, ಕೈಯಲ್ಲಿ ದುಡ್ಡಿಲ್ಲ. ಬಿಟ್ಟು ಮೂರು ದಿನ ಆಯ್ತು."

ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಎರಡರಿಂದ ನಾಲ್ಕು ದಿನದೊಳಗೆ ಹೀಗಾಗಬಹುದು. ಫಿಟ್ಸ್ ಬರಬಹುದು, ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಅಪಾಯ. ತರಬೇತಿಯಲ್ಲಿ ಓದಿದ್ದೆ. ಆದರೆ 'ತಲೆ ಕೆಟ್ಟಿದೆ' ಅನ್ನೋ ಮಾತು ಕಿವಿಗೆ ಬಿದ್ದ ಮೇಲೆ ನಾನು ಬೇರೆ ಏನನ್ನೂ ನೋಡಲೇ ಇಲ್ಲ.

ಮರುದಿನ ಒಂದು ಉದ್ದದ ನೋಟ್‌ಬುಕ್ ತಂದೆ. ನಮ್ಮ ಶೀಟಿನಲ್ಲಿ ಅಪಘಾತ, ಎದೆನೋವು, ಹೆರಿಗೆಗೆಲ್ಲ ಜಾಗ ಇತ್ತು. ಇಂಥ ಕರೆಗಳೆಲ್ಲ 'ಇತರೆ' ಅಡಿಯಲ್ಲಿ ಹೋಗುತ್ತಿದ್ದವು. ನಾನು ಸ್ಕೇಲ್ ಇಟ್ಟು ಗೆರೆ ಎಳೆದೆ: ಫೋನಿನಲ್ಲಿ ಏನು ಹೇಳಿದರು, ಹೋದಾಗ ಏನಿತ್ತು, ಕೊನೆಯ ಕುಡಿತ, ಶುಗರ್, ಭಾಷೆ, ಹಗ್ಗ ಹಾಕಿದ್ದರಾ, ಆಸ್ಪತ್ರೆಗೆ ಬಂದರಾ. ಮೊದಮೊದಲು ಮನೆ ಹೆಸರೂ ಬರೆಯುತ್ತಿದ್ದೆ. ಆಮೇಲೆ ಹೊಳೆಯಿತು, ಕೊಡಗಿನಲ್ಲಿ ಮನೆ ಹೆಸರು ಹೇಳಿದರೆ ಯಾರು ಅಂತ ಊರಿಗೇ ಗೊತ್ತಾಗುತ್ತದೆ. ಆ ಕಾಲಂ ಪೂರ್ತಿ ಮಸಿ ಬಳಿದು ಅಳಿಸಿದೆ. ಈಗ ತಾಲ್ಲೂಕು ಮಾತ್ರ ಬರೆಯುತ್ತೇನೆ.

ಕೆಲವು ತಿಂಗಳು ಬರೆದ ಮೇಲೆ ಒಂದು ಭಾನುವಾರ ಕೂತು ಪುಟ ತಿರುವಿದೆ. ಶುಗರ್ ಕಾಲಂ ನನ್ನನ್ನು ಹಿಡಿದು ನಿಲ್ಲಿಸಿತು. ಒಬ್ಬ ಅಜ್ಜ ಸೊಸೆಗೆ ಹೊಡೆಯಲು ಹೋಗಿದ್ದರು, ಬಾಯಿಗೆ ಬಂದಂತೆ ಬೈಯುತ್ತಿದ್ದರು. ಶುಗರ್ ಮಾತ್ರೆ ನುಂಗಿ ಊಟ ಬಿಟ್ಟಿದ್ದರು ಅಷ್ಟೇ. ಬೆರಳು ಚುಚ್ಚಿ ನೋಡಿದರೆ ಶುಗರ್ 70ಕ್ಕಿಂತ ಎಷ್ಟೋ ಕೆಳಗೆ, ಅಂದರೆ ತೀರಾ ಕಡಿಮೆ. ನುಂಗುವ ಶಕ್ತಿ ಇತ್ತು, ಗ್ಲೂಕೋಸ್ ನೀರು ಕುಡಿಸಿದೆವು. ಸ್ವಲ್ಪ ಹೊತ್ತಿಗೆ, "ಯಾಕೆ ಮಕ್ಕಳೇ, ಇಷ್ಟೊಂದು ಜನ ಸೇರಿದ್ದೀರಿ?" ಅಂತ ಅವರೇ ಕೇಳಿದರು. ಅವತ್ತಿನಿಂದ ಯಾರು ಏನೇ ಹೇಳಲಿ, ಗ್ಲೂಕೋಮೀಟರ್ ಕೈಯಲ್ಲಿ ಹಿಡಿದೇ ಇಳಿಯುತ್ತೇನೆ.

ಭಾಷೆಯ ಕಾಲಂ ಇನ್ನೊಂದು ಕಥೆ. ಇಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವ, ಮಲಯಾಳಂ, ತಮಿಳು, ಈಗ ತೋಟಗಳಲ್ಲಿ ಅಸ್ಸಾಂ ಕಡೆಯವರ ಮಾತು. ಎಲ್ಲಿ ನಮಗೆ ಮಾತು ಹೊಂದಲಿಲ್ಲವೋ ಅಲ್ಲೇ ಹಗ್ಗ ಜಾಸ್ತಿ ಬಳಸಿದ್ದರು, ನಾವೂ ಕೈ ಹಿಡಿದು ಎಳೆದದ್ದು ಜಾಸ್ತಿ. ಇದನ್ನು ನೋಡಿ ನನಗೆ ನಿಜಕ್ಕೂ ಬೇಜಾರಾಯಿತು. ಆಶಾ ಅಕ್ಕಂದಿರನ್ನು, ತೋಟದ ಲೆಕ್ಕ ಬರೆಯುವ ರೈಟರ್‌ಗಳನ್ನು ಕೇಳಿ, ಯಾವ ಕಡೆ ಯಾವ ಭಾಷೆಗೆ ಯಾರಿಗೆ ಫೋನ್ ಹಾಕಬಹುದು ಅಂತ ಪಟ್ಟಿ ಮಾಡಿದೆವು. ನೆಟ್‌ವರ್ಕ್ ಸಿಕ್ಕ ಕಡೆ ಸ್ಪೀಕರ್ ಆನ್ ಮಾಡುತ್ತೇವೆ. ತನ್ನ ಭಾಷೆಯಲ್ಲಿ 'ಊಟ ಆಯ್ತಾ' ಅಂತ ಕೇಳಿದ ಕೂಡಲೇ ಕೈಯಲ್ಲಿದ್ದ ಕತ್ತಿ ಕೆಳಗಿಟ್ಟವರನ್ನು ಕಣ್ಣಾರೆ ನೋಡಿದ್ದೇನೆ.

ಸೈರನ್ ಬಗ್ಗೆ ನಮ್ಮ ಪೈಲಟ್ (ಆಂಬ್ಯುಲೆನ್ಸ್ ಡ್ರೈವರ್) ಅಣ್ಣನೇ ಹೇಳಿದ್ದು: "ಸೌಂಡ್ ಕೇಳಿದ್ರೆ ತೋಟದೊಳಗೆ ಓಡ್ತಾರೆ, ಗಮನಿಸಿದ್ಯಾ?" ನೋಟ್‌ಬುಕ್ಕಿನಲ್ಲೂ ಅದೇ ಇತ್ತು. ರಾತ್ರಿ ಹೊತ್ತು, ಆನೆ ಓಡಾಡುವ ತೋಟದಲ್ಲಿ ಮನುಷ್ಯನನ್ನು ಹುಡುಕುವುದು ಅಂದರೆ ಹುಡುಗಾಟವಲ್ಲ. ಈಗ ಇಂಥ ಕರೆಗೆ ತಿರುವಿನಲ್ಲೇ ಸೈರನ್ ಆಫ್.

ಆಮೇಲೆ ಕೋವಿ. ಕೊಡವರಿಗೂ ಜಮ್ಮಾ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸ್ ವಿನಾಯಿತಿ ಇದೆ, ಹಲವು ಮನೆಗಳಲ್ಲಿ ಕೋವಿ ಇರುತ್ತದೆ. ಕೈಲ್ಪೊಳ್ದ್ ಅನ್ನುವ ಆಯುಧ ಪೂಜೆಯ ಹಬ್ಬದಲ್ಲಿ ಪೂಜೆ ಮಾಡುವ ವಸ್ತು. ಅದರ ಬಗ್ಗೆ ಕೇಳಲು ಮೊದಲು ನನಗೆ ಸಂಕೋಚ. ಈಗ ಹಿರಿಯರನ್ನು ಪಕ್ಕಕ್ಕೆ ಕರೆದು, "ಇವರು ಸುಧಾರಿಸುವ ತನಕ ಬೀಗದ ಕೈ ಅಣ್ಣನ ಮನೆಯಲ್ಲಿ ಇರಲಿ" ಅನ್ನುತ್ತೇನೆ. ಇಲ್ಲಿಯವರೆಗೆ ಯಾರೂ ಸಿಟ್ಟಾಗಿಲ್ಲ.

ಪೊಲೀಸರು ಜೊತೆಗೆ ಬಂದಾಗ ಒಂದು ವಿಷಯ ನೆನಪಿಸುತ್ತೇನೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ ಇಂಥವರನ್ನು ಲಾಕಪ್‌ನಲ್ಲಿ ಇಡುವಂತಿಲ್ಲ, 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ತಲುಪಿಸಬೇಕು. ಆಸ್ಪತ್ರೆಗೆ ಬರಲು ಒಪ್ಪದ ಮನೆಯಲ್ಲಿ 14416, ಅಂದರೆ ಟೆಲಿ ಮನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರ್ ಬರೆದು ಕೊಡುತ್ತೇನೆ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೇಡ.

ಕೊನೆಗೆ ಸೇರಿಸಿದ ಕಾಲಂ 'ಒಂದು ವಾರದ ನಂತರ'. ಮನೆಯವರು ಒಪ್ಪಿದರೆ ಮಾತ್ರ, ಆ ಕಡೆಯ ಆಶಾ ಅಕ್ಕನಿಗೆ ಫೋನ್ ಮಾಡಿ ಕೇಳಿ ತುಂಬುತ್ತೇನೆ. ಇದೇ ಎಲ್ಲಕ್ಕಿಂತ ಖಾಲಿ ಇರುವ ಕಾಲಂ. ನೆಟ್‌ವರ್ಕ್ ಸಿಗುವುದಿಲ್ಲ, ಕೂಲಿಯವರು ಬೇರೆ ತೋಟಕ್ಕೆ ಹೋಗಿರುತ್ತಾರೆ. ಕಂಬಕ್ಕೆ ಕಟ್ಟಿದ್ದ ಆ ಮನುಷ್ಯನ ಸಾಲು ನೋಟ್‌ಬುಕ್ಕಿನಲ್ಲಿ ಮೊದಲನೆಯದು, ನೆನಪಿನಿಂದ ಬರೆದದ್ದು. ಮೊನ್ನೆ ಆ ಲೈನಿಗೆ ಬೇರೆ ಕರೆಗೆ ಹೋದಾಗ ವಿಚಾರಿಸಿದೆ. ಸಂಸಾರ ಸಮೇತ ಊರಿಗೆ ಹೋದರಂತೆ. ಯಾವ ಊರು ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಜಾಗ ಹಾಗೇ ಬಿಟ್ಟಿದ್ದೇನೆ.