ಸೆಂಟ್ರಲ್ ಎಸಿ ಮನೆಗೆ ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಕೂರಿಸುವವರಿಗೆ

ಗೋವಾದ ಪೊರ್ವೊರಿಂ, ದೋನಾ ಪಾವ್ಲಾ ಕಡೆ ಡಕ್ಟ್ (ಗಾಳಿ ಕೊಳವೆ) ಎಸಿ ಇರುವ ಮನೆಯವರು ಮಳೆಗಾಲದಲ್ಲಿ ಕೇಳೋದು ಒಂದೇ: ಎಸಿ ಇದ್ರೂ ಕಪಾಟಿನ ಬಟ್ಟೆಗೆ ಬೂಷ್ಟು ಯಾಕೆ? ಜುಲೈನಲ್ಲಿ ಹೊರಗೆ ಬಿಸಿಲಿಲ್ಲ, ತೇವ ಮಾತ್ರ ವಿಪರೀತ. ಮನೆ ಬೇಗ ತಣ್ಣಗಾಗಿ ಕಂಪ್ರೆಸರ್ ನಿಲ್ಲುತ್ತೆ. ಅದು ನಿಂತರೆ ಗಾಳಿಯಿಂದ ನೀರು ಇಳಿಯೋದೂ ನಿಂತಿತು.

ಮೊದಲು ಖರ್ಚಿಲ್ಲದ ಕೆಲಸ ಮಾಡಿ. ಥರ್ಮೋಸ್ಟಾಟ್‌ನಲ್ಲಿ ಫ್ಯಾನ್ ಸದಾ 'ಆನ್' ಇದ್ದರೆ 'ಆಟೋ'ಗೆ ಹಾಕಿ. ಇಲ್ಲದಿದ್ದರೆ ಎಸಿಯೊಳಗೆ ಗಾಳಿ ತಣಿಸುವ ಕಾಯಿಲ್ ಮೇಲಿನ ನೀರು ಆವಿಯಾಗಿ ಮತ್ತೆ ಮನೆಯೊಳಗೇ ಬರುತ್ತೆ.

ಅದಕ್ಕೂ ಬಗ್ಗದಿದ್ದರೆ ಇಡೀ ಮನೆಯ ಡಿಹ್ಯೂಮಿಡಿಫೈಯರ್. ಇಲ್ಲಿ ಡಕ್ಟ್ ಕೆಲಸದವರ ಮೇಲೆ ಒಂದು ಕಣ್ಣಿಡಿ. ಒಣಗಿದ ಗಾಳಿ ಕಾಯಿಲ್ ಆಚೆಗಿನ, ಕೋಣೆಗಳಿಗೆ ತಣ್ಣನೆ ಗಾಳಿ ಒಯ್ಯುವ ಸಪ್ಲೈ ಡಕ್ಟ್‌ಗೆ ಸೇರಬೇಕು. ಸುಲಭ ಅಂತ ಕೋಣೆಯ ಗಾಳಿ ಎಸಿಗೆ ಮರಳುವ ರಿಟರ್ನ್‌ಗೆ ಜೋಡಿಸಿದರೆ ಆ ಬೆಚ್ಚನೆಯ ಒಣಗಾಳಿ ಕಾಯಿಲ್ ಮೇಲೇ ಹಾಯ್ದು, ಎಸಿ ತಾನಾಗಿ ತೆಗೆಯುವ ನೀರೂ ಕಡಿಮೆಯಾಗುತ್ತೆ. ಗಾಳಿ ಹಿಂದಕ್ಕೆ ನುಗ್ಗದಂತೆ ಡ್ಯಾಂಪರ್ ಹಾಕಿಸಲೇಬೇಕು. ಡ್ರೇನ್ ಪೈಪಿಗೆ ಇಳಿಜಾರು ಇದೆಯಾ ಅಂತ ಫಾಲ್ಸ್ ಸೀಲಿಂಗ್ ಮುಚ್ಚುವ ಮೊದಲೇ ಒಂದು ಬಕೆಟ್ ನೀರು ಸುರಿದು ನೋಡಿ.

ತೇವ ಅಳೆದು ಯಂತ್ರ ಓಡಿಸುವ ಹ್ಯೂಮಿಡಿಸ್ಟಾಟ್ ಹಾಲ್‌ನಲ್ಲಿರಲಿ, ಅಡುಗೆಮನೆ ಹತ್ತಿರ ಬೇಡ. ತೇವಾಂಶ 50–55 ಶೇಕಡಾ ಸಾಕು. ಇನ್ನೂ ಇಳಿಸಿದರೆ ಕರೆಂಟ್ ಬಿಲ್ ಏರೋದಷ್ಟೇ. ಕಿಟಕಿ ತೆರೆದಿಟ್ಟು ಓಡಿಸೋದು ಮಾಂಡವಿ ಹೊಳೆಯನ್ನು ಚೊಂಬಲ್ಲಿ ಖಾಲಿ ಮಾಡಿದ ಹಾಗೆ. ಯಂತ್ರ ಸ್ವಲ್ಪ ಬಿಸಿ ಬಿಡುತ್ತೆ, ಅದಕ್ಕೆ ಗಾಬರಿ ಬೇಡ. ಫಿಲ್ಟರ್ ಕೈಗೆಟುಕುವ ಕಡೆ ಇರಲಿ ಅಂತ ಮೊದಲೇ ಹೇಳಿಡಿ.