ನೈಟ್ ಶಿಫ್ಟ್ ಮುಗಿಸಿ ಬಂದು ಹಗಲು ನಿದ್ದೆ ಮಾಡುವುದು ಹೇಗೆ?

ಕಲಬುರಗಿ ಜಿಲ್ಲೆಯ ಸೇಡಂ, ಮಳಖೇಡ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳ ಗೇಟಿನ ಮುಂದೆ ಬೆಳಿಗ್ಗೆ ಆರೂಕಾಲಿಗೆ ನಿಂತು ನೋಡಿ. ನೈಟ್ ಮುಗಿಸಿ ಬಂದವರಲ್ಲಿ ಅರ್ಧ ಜನ ನೆಟ್ಟಗೆ ಚಾದಂಗಡಿಗೆ ಹೋಗುತ್ತಾರೆ. ಕಡಕ್ ಚಾ, ಒಂದು ಪ್ಲೇಟ್ ಭಜಿ, ಎಳೆ ಬಿಸಿಲಿನಲ್ಲಿ ಅರ್ಧ ತಾಸು ಮಾತು. ಮನೆಗೆ ಬಂದು ಸ್ನಾನ, ಪೇಪರ್, ಮೊಬೈಲು ಎಲ್ಲ ಮುಗಿಸಿ ಹತ್ತಕ್ಕೆ ಹಾಸಿಗೆ. ಆಮೇಲೆ ಮಧ್ಯಾಹ್ನದವರೆಗೆ ಹೊರಳಾಟ. ಮರುರಾತ್ರಿ ಡ್ಯೂಟಿಗೆ ಬಂದಾಗ, "ನಿದ್ದಿನೇ ಹತ್ತವಲ್ದ್ರಿ ಸಿಸ್ಟರ್, ಒಂದು ಗುಳಗಿ ಕೊಡ್ರಿ" ಅನ್ನುತ್ತಾರೆ.

ಕಾರ್ಖಾನೆಯೊಂದರ ಫಸ್ಟ್ ಏಡ್ ರೂಮಿನಲ್ಲಿ ಮೂರೂ ಪಾಳಿ ಮಾಡಿದ ನರ್ಸ್ ನಾನು. ಗುಳಗಿ ಕೇಳಿದವರಿಗೆಲ್ಲ ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಗೇಟಿನಿಂದ ಹೊರಬಿದ್ದ ಮೇಲೆ ಹಾಸಿಗೆ ಸೇರುವ ತನಕ ಏನೇನು ಮಾಡಿದಿರಿ? ಹಗಲು ನಿದ್ದೆ ಕೆಡುವುದು ಬಹುತೇಕ ಆ ಎರಡು ಮೂರು ತಾಸಿನಲ್ಲೇ.

ಕಾರಣ ಇಷ್ಟು. ಮೆದುಳಿನ ಕೆಳಭಾಗದಲ್ಲಿ, ಎರಡೂ ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆಯೇ ನಮ್ಮ ದೇಹದ ಗಡಿಯಾರ ಇದೆ. ಈಗ ಹಗಲೋ ರಾತ್ರಿಯೋ ಎಂದು ಅದಕ್ಕೆ ತಿಳಿಸುವುದು ಕಣ್ಣಿಗೆ ಬೀಳುವ ಬೆಳಕು. ಕತ್ತಲಾದಾಗ ನಿದ್ದೆಗೆ ಅನುವು ಮಾಡುವ ಮೆಲಟೋನಿನ್ ಎಂಬ ಹಾರ್ಮೋನು ಏರುತ್ತದೆ, ಬೆಳಕು ಬಿದ್ದಾಗ ಇಳಿಯುತ್ತದೆ. ಮೈಯ ಉಷ್ಣತೆ ನಸುಕಿನ ನಾಲ್ಕೈದರ ಸುಮಾರಿಗೆ ಎಲ್ಲಕ್ಕಿಂತ ಕಡಿಮೆ; ಡ್ಯೂಟಿಯಲ್ಲಿ ಕಣ್ಣು ಎಳೆಯುವುದು ಆಗಲೇ. ಅಲ್ಲಿಂದ ಮುಂದೆ ಅದು ಏರುತ್ತಲೇ ಹೋಗುತ್ತದೆ, ಏರುವಾಗ ನಿದ್ದೆ ತೆಳ್ಳಗಾಗುತ್ತದೆ. ಏಳೂವರೆಗೆ ಮಲಗಿದವರಿಗೆ ಸಿಗುವ ನಿದ್ದೆ ಹತ್ತಕ್ಕೆ ಮಲಗಿದವರಿಗೆ ಸಿಗದಿರುವುದು ಇದಕ್ಕೇ. ಈ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆ ಎಂದು ತೋರಿಸಿಕೊಟ್ಟ ಹಾಲ್, ರಾಸ್‌ಬ್ಯಾಶ್, ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು. ವಾರಕ್ಕೊಮ್ಮೆ ಪಾಳಿ ಬದಲಾಗುವವರ ಗಡಿಯಾರ ಪೂರ್ತಿ ಹೊಂದಿಕೊಳ್ಳುವುದೇ ಇಲ್ಲ; ಹೊಂದಿಕೊಳ್ಳುವ ಹೊತ್ತಿಗೆ ಪಾಳಿ ಮತ್ತೆ ಬದಲಾಗಿರುತ್ತದೆ. ಹಾಗಾಗಿ ನಿದ್ದೆ ಬಾರದ್ದನ್ನು ನಿಮ್ಮ ದೌರ್ಬಲ್ಯ ಅಂದುಕೊಳ್ಳಬೇಡಿ.

ಮೊದಲು ಚಾರ್ಟ್ ನೋಡಿ

ಬೆಳಿಗ್ಗೆ, ಆಮೇಲೆ ಮಧ್ಯಾಹ್ನ, ಆಮೇಲೆ ನೈಟ್. ಈ ಕ್ರಮದಲ್ಲಿ ಪಾಳಿ ತಿರುಗಿದರೆ ಮೈಗೆ ಸುಲಭ. ನಿಮ್ಮ ಕಡೆ ನೈಟ್‌ನಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ಬೆಳಿಗ್ಗೆಗೆ ಹಿಂದುಮುಂದಾಗಿ ತಿರುಗುತ್ತಿದ್ದರೆ ನಾಲ್ಕು ಜನ ಸೇರಿ ಸೂಪರ್‌ವೈಸರ್ ಹತ್ತಿರ ಮಾತಾಡಿ. ಇದಕ್ಕೆ ಖರ್ಚಿಲ್ಲ, ಕೇಳುವುದರಲ್ಲಿ ತಪ್ಪೂ ಇಲ್ಲ.

ಮೊದಲ ನೈಟ್‌ಗೆ ಮುಂಚೆ

ಅಂದು ಮಧ್ಯಾಹ್ನ ಊಟವಾದ ಮೇಲೆ ಒಂದೂವರೆ ತಾಸು ಮಲಗಿ. ಇಡೀ ದಿನ ಎದ್ದಿದ್ದು, ರಾತ್ರಿ ಹತ್ತಕ್ಕೆ ಪಂಚ್ ಮಾಡಿ ಒಳಗೆ ಹೋಗುವವರೇ ನಸುಕಿನಲ್ಲಿ ಹೆಚ್ಚು ತಪ್ಪು ಮಾಡುವುದು.

ಚಾ ಮತ್ತು ಊಟ

ಚಾ ಬಿಡಿ ಅಂತ ಕಲಬುರಗಿ ಜಿಲ್ಲೆಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ, ನಾನು ಹೇಳುವುದೂ ಇಲ್ಲ. ಹೊತ್ತು ಬದಲಿಸಿ, ಅಷ್ಟೆ. ಕುಡಿದ ಚಾದಲ್ಲಿರುವ, ನಿದ್ದೆ ತಡೆಯುವ ಕೆಫೀನ್‌ನಲ್ಲಿ ಅರ್ಧದಷ್ಟು ಇಳಿಯಲು ಸುಮಾರು ಐದು ತಾಸು ಬೇಕು. ನಾಲ್ಕೂವರೆಗೆ ಕಣ್ಣೆಳೆಯಿತೆಂದು ಕುಡಿದ ಚಾ ಒಂಬತ್ತೂವರೆಗೂ ಅರ್ಧ ಉಳಿದೇ ಇರುತ್ತದೆ. ರಾತ್ರಿ ಹನ್ನೊಂದಕ್ಕೆ ಒಂದು, ಎರಡರೊಳಗೆ ಇನ್ನೊಂದು. ಅಲ್ಲಿಗೆ ಮುಗಿಸಿ. ಎನರ್ಜಿ ಡ್ರಿಂಕ್ ಡಬ್ಬಿಗಳನ್ನಂತೂ ಮುಟ್ಟಬೇಡಿ: ಅದೇ ಕೆಫೀನ್, ಮೇಲೆ ಸಕ್ಕರೆ, ಚಾಕ್ಕಿಂತ ಎಷ್ಟೋ ಹೆಚ್ಚು ಬೆಲೆ.

ಡ್ಯೂಟಿಗೆ ಹೋಗುವ ಮೊದಲೇ ಹೊಟ್ಟೆ ತುಂಬ ಉಣ್ಣಿ. ನಡುರಾತ್ರಿ ಹಗುರಾಗಿರಲಿ: ನುಚ್ಚು ಮಜ್ಜಿಗೆ, ಸುಸಲಾ, ಒಂದು ಬಾಳೆಹಣ್ಣು. ಬೆಳಿಗ್ಗೆ ಮಲಗುವ ಮುಂಚೆ ಅರ್ಧ ರೊಟ್ಟಿ, ತೊವ್ವೆ ಸಾಕು. ಖಾಲಿ ಹೊಟ್ಟೆಯಲ್ಲಿ ಮಲಗಿದರೆ ಹತ್ತಕ್ಕೆ ಹಸಿವು ಎಬ್ಬಿಸುತ್ತದೆ, ಭಜಿ ತಿಂದು ಮಲಗಿದರೆ ಎದೆಯುರಿ.

ಗೇಟಿನಿಂದ ಹಾಸಿಗೆವರೆಗೆ

ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ.

ಮೇ ತಿಂಗಳಲ್ಲಿ ನಮ್ಮಲ್ಲಿ ಆರಕ್ಕೆ ಮುಂಚೆಯೇ ಸೂರ್ಯ ಮೂಡಿರುತ್ತಾನೆ. ಜನವರಿಯಲ್ಲಿ ಏಳರ ಹತ್ತಿರ. ಹಾಗಾಗಿ ಚಳಿಗಾಲದಲ್ಲಿ ತಡಮಾಡದೆ ಹೊರಟರೆ ಅರ್ಧ ಕೆಲಸ ತಾನೇ ಆಗುತ್ತದೆ. ಬೇಸಿಗೆಯಲ್ಲಿ ಬೆಳಕನ್ನು ನೀವೇ ತಡೆಯಬೇಕು. ಕಂಪನಿ ಬಸ್ಸಿನಲ್ಲಿ ಬರುವವರು ಗೇಟು ದಾಟುವ ಮೊದಲೇ ಕರಿ ಕನ್ನಡಕ ಹಾಕಿ, ಟೋಪಿ ಮುಂದೆ ಎಳೆದುಕೊಂಡು, ಬಿಸಿಲು ಬೀಳದ ಕಡೆಯ ಸೀಟಿನಲ್ಲಿ ಕೂಡಿ. ಜನ ನೋಡಿ ನಗುತ್ತಾರೆಂದು ನಾಚಬೇಡಿ. ಕನ್ನಡಕ ಮುಖಕ್ಕೆ ಅಂಟಿ ಕೂಡುವಂಥದ್ದಿರಲಿ. ಬದಿಯಿಂದ ಬೆಳಕು ನುಗ್ಗುವ ಚಿಕ್ಕ ಗಾಜಿನ ಫ್ಯಾಷನ್ ಕನ್ನಡಕದಿಂದ ಉಪಯೋಗವಿಲ್ಲ.

ಬೈಕ್ ಓಡಿಸುವವರಿಗೆ ಈ ಮಾತು ಅನ್ವಯಿಸದು. ನಿದ್ದೆಗಣ್ಣಿನಲ್ಲಿ ಗಾಡಿ ಓಡಿಸುವಾಗ ಕಣ್ಣಿಗೆ ಇನ್ನಷ್ಟು ಕತ್ತಲು ಮಾಡುವುದು ಅಪಾಯ. ಕಣ್ಣು ತೆರೆದಿದ್ದರೂ ಮೆದುಳು ಎರಡು ಮೂರು ಸೆಕೆಂಡು ಮಲಗಿಬಿಡುವುದುಂಟು. ತಾಸಿಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಅಷ್ಟರಲ್ಲಿ ಗಾಡಿ ಐವತ್ತು ಮೀಟರ್ ಹೋಗಿರುತ್ತದೆ, ಎದುರಿಗೆ ಸಿಮೆಂಟ್ ಟ್ಯಾಂಕರ್ ಬರುತ್ತಿರುತ್ತದೆ. ಡ್ಯೂಟಿ ಮುಗಿದ ಮೇಲೆ ರೆಸ್ಟ್ ರೂಮಿನಲ್ಲಿ ಇಪ್ಪತ್ತು ನಿಮಿಷಕ್ಕೆ ಅಲಾರಂ ಇಟ್ಟು ಮಲಗಿ, ಎದ್ದು ಮುಖ ತೊಳೆದು, ಐದು ನಿಮಿಷ ಅಡ್ಡಾಡಿ, ಆಮೇಲೆ ಗಾಡಿ ಹತ್ತಿ. ಅದಕ್ಕಿಂತ ಒಳ್ಳೆಯದು, ನೈಟ್ ವಾರದಲ್ಲಿ ಬೈಕ್ ಮನೆಯಲ್ಲೇ ಬಿಟ್ಟು ಬಸ್ಸಿಗೆ ಬರುವುದು.

ಮನೆಗೆ ಬಂದೊಡನೆ ಟ್ಯೂಬ್‌ಲೈಟ್ ಹಾಕಬೇಡಿ. ಧೂಳು ಮೈಗಂಟಿರುತ್ತದೆ, ಸ್ನಾನ ಮಾಡಲೇಬೇಕು. ಉಗುರುಬೆಚ್ಚಗಿನ ನೀರಲ್ಲಿ ಮಾಡಿ. ತಣ್ಣೀರು ಎಚ್ಚರಿಸುತ್ತದೆ, ಬೆಚ್ಚಗಿನ ನೀರಾದರೆ ಸ್ನಾನದ ನಂತರ ಮೈ ತಂಪಾಗುತ್ತ ನಿದ್ದೆಗೆ ಅನುವಾಗುತ್ತದೆ. ಪರದೆಯನ್ನು ಹಳದಿ ಮಾಡುವ ಮೊಬೈಲ್ ಆ್ಯಪ್‌ಗಳನ್ನು ನಂಬಿ ವಿಡಿಯೊ ನೋಡುತ್ತ ಕೂಡುವವರಿದ್ದಾರೆ. ಬೆಳಕು ಸ್ವಲ್ಪ ಕಡಿಮೆಯಾದೀತು, ವಿಡಿಯೊ ಮನಸ್ಸನ್ನು ಎಬ್ಬಿಸುವುದು ಕಡಿಮೆಯಾಗುವುದಿಲ್ಲ. ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ. ಏಳೂವರೆಗೆ, ತೀರ ತಡವೆಂದರೆ ಎಂಟಕ್ಕೆ ತಲೆ ದಿಂಬಿಗೆ ತಾಗಬೇಕು.

ಕೋಣೆ: ಕತ್ತಲು, ತಂಪು, ಸದ್ದಿಲ್ಲದ್ದು

ಸ್ಲ್ಯಾಬಿನ ಕೆಳಗಿನ ಮೇಲಂತಸ್ತಿನ ಕೋಣೆ ಬೇಡ. ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನ ಒಂದರ ನಂತರ ಅಲ್ಲಿ ಮಲಗಲಾಗದು. ಕೆಳಗಿನ ಒಳಕೋಣೆ ಆರಿಸಿಕೊಳ್ಳಿ. ಶಹಾಬಾದ ಫರ್ಸಿಯ, ಅಂದರೆ ಕಲ್ಲುಚಪ್ಪಡಿಯ, ನೆಲವಿದ್ದರೆ ಮಂಚ ಬಿಟ್ಟು ನೆಲದ ಮೇಲೆ ತೆಳುವಾದ ಜಮಖಾನ ಹಾಸಿ ಮಲಗಿ. ನನ್ನ ಪ್ರಕಾರ ನಾಲ್ಕು ಇಂಚಿನ ಫೋಮ್ ಹಾಸಿಗೆಗಿಂತ ಅದು ಎಷ್ಟೋ ಪಾಲು ಮೇಲು.

ಕತ್ತಲು ಮಾಡಲು ದುಬಾರಿ ಪರದೆ ಬೇಕಿಲ್ಲ. 'ಬ್ಲ್ಯಾಕೌಟ್' ಅಂತ ಹೆಸರು ಬರೆದು ಮಾರುವ ಎಷ್ಟೋ ಪರದೆಗಳು ಬರೀ ದಪ್ಪ ಪಾಲಿಯೆಸ್ಟರ್. ಅಂಗಡಿಯಲ್ಲೇ ಬಟ್ಟೆಯ ಹಿಂದೆ ಮೊಬೈಲ್ ಟಾರ್ಚ್ ಹಿಡಿದು ನೋಡಿ, ಬೆಳಕು ಕಂಡರೆ ಅಲ್ಲೇ ಬಿಡಿ. ಕಿಟಕಿಯ ಅಳತೆಗೆ ರಟ್ಟು ಕತ್ತರಿಸಿ, ಒಳಮುಖಕ್ಕೆ ಕರಿ ಕಾಗದ, ಹೊರಮುಖಕ್ಕೆ ಬಿಳಿ ಕಾಗದ ಅಂಟಿಸಿ ಚೌಕಟ್ಟಿಗೆ ಒತ್ತಿ ಕೂರಿಸಿ. ಹೊರಗಡೆಯೂ ಕರಿದೇ ಇದ್ದರೆ ಅದು ಬಿಸಿಲು ಹೀರಿ ಕೋಣೆಯನ್ನು ಕಾಯಿಸುತ್ತದೆ. ಬಾಗಿಲ ಕೆಳಗಿನ ಸಂದಿಗೆ ಹಳೇ ಟವೆಲ್ ಸುತ್ತಿಡಿ. ಕೈ ಮುಂದೆ ಚಾಚಿದರೆ ಬೆರಳು ಎಣಿಸಲು ಬಾರದಷ್ಟು ಕತ್ತಲಾಗಬೇಕು.

ಇಲ್ಲಿ ಕೂಲರಿನ ತೊಡಕು ಬರುತ್ತದೆ. ಕೋಣೆ ಪೂರ್ತಿ ಮುಚ್ಚಿ ಕೂಲರ್ ಹಚ್ಚಿದರೆ ಅರ್ಧ ತಾಸಿನಲ್ಲಿ ಮೈಯೆಲ್ಲ ಜಿಗುಟು. ಕೂಲರ್ ಕೆಲಸ ಮಾಡುವುದು ನೀರು ಆವಿಯಾಗುವುದರಿಂದ, ಆ ಒದ್ದೆ ಗಾಳಿಗೆ ಹೊರಹೋಗಲು ದಾರಿ ಬೇಕು. ಕೂಲರಿನ ಎದುರಿನ ಗೋಡೆಯಲ್ಲಿ ಗವಾಕ್ಷಿ ಇದ್ದರೆ ತೆರೆದಿಡಿ. ಅದರ ಮುಂದೆ ಅಂಗೈ ಅಗಲ ಜಾಗ ಬಿಟ್ಟು ಕರಿ ರಟ್ಟಿನ ಮರೆ ಕಟ್ಟಿ. ಗಾಳಿ ಸುತ್ತಿ ಹೋಗುತ್ತದೆ, ಬೆಳಕು ನೇರ ಬರಲಾರದು. ಮಳೆಗಾಲದಲ್ಲಿ ಗಾಳಿಯೇ ಒದ್ದೆ, ಆಗ ಕೂಲರಿನ ಪಂಪ್ ಬಂದ್ ಮಾಡಿ ಬರೀ ಫ್ಯಾನ್ ಸಾಕು. ವಾರಕ್ಕೊಮ್ಮೆ ಕೂಲರಿನ ನೀರು ಪೂರ್ತಿ ಚೆಲ್ಲಿ ಒಣಗಿಸಿ: ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ನೀರಿನಲ್ಲಿ, ಅದು ಕಚ್ಚುವುದು ಹಗಲು ಹೊತ್ತಿನಲ್ಲಿ. ಹಗಲು ಮಲಗುವವರಿಗೆ ಸೊಳ್ಳೆಪರದೆ ಬೇಕೇ ಬೇಕು.

ಕರೆಂಟು ಹೋಗುವುದು ಇದ್ದದ್ದೇ. ಚಾರ್ಜ್ ಮಾಡುವ ಚಿಕ್ಕ ಫ್ಯಾನೊಂದು ತಲೆಯ ಹತ್ತಿರ ಇಟ್ಟುಕೊಳ್ಳಿ.

ಸದ್ದಿಗೆ, ಕಾರ್ಖಾನೆಯಲ್ಲಿ ಕೊಡುವ ಫೋಮಿನ ಇಯರ್ ಪ್ಲಗ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹೊಸ ಜೋಡಿ ತನ್ನಿ, ಧೂಳಿನಲ್ಲಿ ಬಳಸಿದ್ದು ಬೇಡ. ಹೆಚ್ಚಿನವರು ಅದನ್ನು ಹಾಗೇ ಕಿವಿಗೆ ಒತ್ತುತ್ತಾರೆ, ಅರ್ಧ ಹೊರಗೇ ಉಳಿಯುತ್ತದೆ, "ಏನೂ ಉಪಯೋಗಿಲ್ರಿ" ಅನ್ನುತ್ತಾರೆ. ಕೈ ತೊಳೆದು, ಪ್ಲಗ್ಗನ್ನು ಬೆರಳುಗಳ ನಡುವೆ ಹೊಸೆದು ಸಪೂರ ಬತ್ತಿಯಾಗಿಸಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ, ಕಿವಿಯ ದಾರಿ ನೆಟ್ಟಗಾಗುತ್ತದೆ. ಆಗ ಒಳಗಿಟ್ಟು, ಫೋಮ್ ಉಬ್ಬಿ ಕೂರುವವರೆಗೆ ಅರ್ಧ ನಿಮಿಷ ಬೆರಳಿನಿಂದ ಹಿಡಿದುಕೊಳ್ಳಿ. ನಿಮ್ಮದೇ ದನಿ ನಿಮಗೆ ಗವ್ವೆಂದು ಕೇಳಿದರೆ ಸರಿಯಾಗಿ ಕೂತಿದೆ. ಕಿವಿ ಸೋರುವವರು ಬಳಸಬಾರದು. ಹತ್ತಿ ತುರುಕುವುದರಿಂದ ಸದ್ದು ಅಷ್ಟಾಗಿ ನಿಲ್ಲುವುದಿಲ್ಲ.

ಮನೆಯವರಿಗೊಂದು ಮಾತು

ಹಗಲು ಮಲಗಿದವರನ್ನು ಎಬ್ಬಿಸುವುದು ತಪ್ಪೆಂದು ನಮ್ಮ ಮನೆಗಳಲ್ಲಿ ಯಾರಿಗೂ ಅನ್ನಿಸುವುದಿಲ್ಲ. "ಹನ್ನೊಂದಾತು, ಇನ್ನಾ ಮಕ್ಕೊಂಡಾನಲ್ಲ" ಎಂದು ಬಾಗಿಲು ಬಡಿಯುತ್ತಾರೆ. ಸಿಲಿಂಡರ್ ಬಂತು, ಬೀಗರು ಬಂದರು ಎಂದೂ ಎಬ್ಬಿಸುತ್ತಾರೆ. ರಾತ್ರಿ ಎರಡಕ್ಕೆ ನಿಮ್ಮನ್ನು ಎಬ್ಬಿಸಿ ಸಿಲಿಂಡರ್ ಇಳಿಸಿಕೊಳ್ಳಿ ಅಂದರೆ ಹೇಗಿರುತ್ತದೆ ಎಂದು ಅವರಿಗೆ ಒಮ್ಮೆ ಕೂಡಿಸಿ ಹೇಳಿ. ನೈಟ್ ವಾರದ ಚಾರ್ಟನ್ನು ಅಡುಗೆಮನೆ ಗೋಡೆಗೆ ಅಂಟಿಸಿ, ಮಲಗುವ ಹೊತ್ತನ್ನು ಕೆಂಪು ಪೆನ್ನಿನಲ್ಲಿ ಬರೆಯಿರಿ. ಜೀವಕ್ಕೆ ಸಂಬಂಧಿಸಿದ ಸುದ್ದಿ ಬಿಟ್ಟು ಬೇರಾವುದಕ್ಕೂ ಎಬ್ಬಿಸುವಂತಿಲ್ಲ.

ಹೆಣ್ಣುಮಕ್ಕಳ ಕಷ್ಟ ಇದಕ್ಕಿಂತ ದೊಡ್ಡದು. ಆಸ್ಪತ್ರೆಯಲ್ಲಿ ನೈಟ್ ಮುಗಿಸಿ ಬಂದ ನರ್ಸ್ ರೊಟ್ಟಿ ಬಡಿದು, ಮಕ್ಕಳ ಡಬ್ಬಿ ಕಟ್ಟಿ, ಬಟ್ಟೆ ಒಗೆದು, ಹನ್ನೊಂದಕ್ಕೆ ಅಡ್ಡಾಗುತ್ತಾಳೆ. ನಾಲ್ಕಕ್ಕೆ ಮಕ್ಕಳು ಬಂದರೆ ಎದ್ದಳು. ಇದು ನಡೆಯಬಾರದು. ನೈಟ್ ವಾರದಲ್ಲಿ ಕಡಕ್ ರೊಟ್ಟಿ ತಂದಿಡಿ, ಕಲಬುರಗಿಯಲ್ಲಿ ಓಣಿಗೊಂದು ರೊಟ್ಟಿ ಕೇಂದ್ರವಿದೆ, ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಡಬ್ಬಿ ಕಟ್ಟುವುದನ್ನು ಗಂಡ ಕಲಿಯಲಿ.

ನಿದ್ದೆ ಬರದಿದ್ದರೆ

ಗಡಿಯಾರ ನೋಡಬೇಡಿ, ಗೋಡೆಗೆ ತಿರುಗಿಸಿಡಿ. ಇಪ್ಪತ್ತು ನಿಮಿಷವಾಗಿರಬಹುದು ಅನ್ನಿಸಿದರೆ ಏಳಿ. ಮಂದ ಬೆಳಕಿನಲ್ಲಿ ಗೋಡೆಗೊರಗಿ ಕೂಡಿ, ಜಪ ಮಾಡುವವರು ಮಾಡಿ, ಬಟ್ಟೆ ಮಡಚುವವರು ಮಡಚಿ. ಕಣ್ಣು ಭಾರವಾದಾಗ ಮಾತ್ರ ಹಾಸಿಗೆಗೆ ಹೋಗಿ. ಹಾಸಿಗೆಯಲ್ಲೇ ಬಿದ್ದು ಹೊರಳಾಡಿದರೆ, ಹಾಸಿಗೆ ಎಂದರೆ ಹೊರಳಾಡುವ ಜಾಗ ಎಂದು ಮೈ ಕಲಿತುಬಿಡುತ್ತದೆ, ಆ ರೂಢಿ ಬೆಳಗಿನ ಪಾಳಿಯ ರಾತ್ರಿಗಳಿಗೂ ಅಂಟಿಕೊಳ್ಳುತ್ತದೆ.

ಒಂದೇ ಬಾರಿಗೆ ಏಳು ತಾಸು ಸಿಗದಿದ್ದರೆ ಎರಡು ಕಂತು ಮಾಡಿ: ಬೆಳಿಗ್ಗೆ ಏಳೂವರೆಯಿಂದ ಹನ್ನೆರಡೂವರೆ, ಸಂಜೆ ಏಳರಿಂದ ಎಂಟೂವರೆ. ವಾಡಿ ಜಂಕ್ಷನ್ನಿನಂಥ ಕಡೆ ಹೊತ್ತಿಲ್ಲದ ಹೊತ್ತಿಗೆ ಡ್ಯೂಟಿ ಬರುವ ರೈಲ್ವೆಯವರಿಗೆ ಇದೇ ದಾರಿ.

ನೈಟ್ ವಾರ ಮುಗಿದ ದಿನ

ಅಂದು ಸಂಜೆವರೆಗೆ ಮಲಗಬೇಡಿ. ಹನ್ನೊಂದಕ್ಕೆ ಅಲಾರಂ ಇಟ್ಟು ಎದ್ದು, ಸಂಜೆ ಬೆಳಕಿನಲ್ಲಿ ಒಂದು ಸುತ್ತು ನಡೆದು, ರಾತ್ರಿ ಒಂಬತ್ತೂವರೆಗೆ ಮಲಗಿ.

ಗುಳಗಿ, ಎಣ್ಣೆ, ಡಾಕ್ಟರು

ಕುಡಿದರೆ ನಿದ್ದೆ ಬೇಗ ಹತ್ತುತ್ತದೆ ನಿಜ, ಎರಡು ಮೂರು ತಾಸಿನಲ್ಲಿ ಅದೇ ಎಬ್ಬಿಸುತ್ತದೆ. ಕೆಮ್ಮಿನ ಔಷಧ, ಅಲರ್ಜಿ ಗುಳಗಿ ತಿಂದು ಮಲಗುವವರ ಮಂಪರು ಮರುಪಾಳಿಯಲ್ಲಿ ಕನ್ವೇಯರ್ ಪಕ್ಕ ನಿಂತಾಗಲೂ ಇರುತ್ತದೆ. ಅಲ್ಪ್ರಾಜೋಲಾಂನಂಥ ನಿದ್ದೆ ತರಿಸುವ ಗುಳಗಿಯನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವುದೇ ಕಾನೂನುಬಾಹಿರ. ಕೆಲವೇ ವಾರಗಳಲ್ಲಿ ಅದಿಲ್ಲದೆ ನಿದ್ದೆ ಬಾರದಂತಾಗುತ್ತದೆ. ಈಗಾಗಲೇ ದಿನಾ ತೆಗೆದುಕೊಳ್ಳುತ್ತಿರುವವರು ಇದನ್ನೋದಿ ಒಮ್ಮೆಲೇ ಬಿಡಬೇಡಿ, ಫಿಟ್ಸ್ ಬರಬಹುದು. ಡಾಕ್ಟರ ಹತ್ತಿರ ಹೋಗಿ ಸ್ವಲ್ಪಸ್ವಲ್ಪವಾಗಿ ಇಳಿಸಿಕೊಳ್ಳಿ. ಮೆಲಟೋನಿನ್ ಗುಳಗಿಯೂ ಯಾವ ಹೊತ್ತಿಗೆ ತಿನ್ನುತ್ತೀರಿ ಎಂಬುದರ ಮೇಲೆ ನಿಂತಿದೆ, ಅದನ್ನೂ ಕೇಳಿಯೇ ತೆಗೆದುಕೊಳ್ಳಿ.

ಇಷ್ಟೆಲ್ಲ ಮಾಡಿಯೂ ಒಂದು ತಿಂಗಳು ನಿದ್ದೆ ಕೂಡದಿದ್ದರೆ, ಜೋರು ಗೊರಕೆಯ ನಡುವೆ ಉಸಿರು ನಿಂತಂತಾಗುತ್ತದೆ ಎಂದು ಮನೆಯವರು ಹೇಳಿದರೆ, ಯಾವುದರಲ್ಲೂ ಮನಸ್ಸಿಲ್ಲದಂತಾದರೆ ಡಾಕ್ಟರಿಗೆ ತೋರಿಸಿ. ಮನಸ್ಸಿನ ತೊಂದರೆಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ. ಆಸ್ಪತ್ರೆಗೆ ಹೋಗುವಾಗ ಎರಡು ವಾರದ ಲೆಕ್ಕ ಬರೆದುಕೊಂಡು ಹೋಗಿ: ಯಾವ ಪಾಳಿ, ಎಷ್ಟಕ್ಕೆ ಮಲಗಿದಿರಿ, ಎಷ್ಟಕ್ಕೆ ಎಚ್ಚರವಾಯಿತು, ಕೊನೆಯ ಚಾ ಯಾವಾಗ. ಶುಗರ್, ಬಿಪಿ ಇರುವವರು, ಅದರಲ್ಲೂ ಇನ್ಸುಲಿನ್ ತೆಗೆದುಕೊಳ್ಳುವವರು, ನೈಟ್ ವಾರದಲ್ಲಿ ಔಷಧವನ್ನು ಯಾವ ಊಟದ ಜೊತೆ ಎಷ್ಟು ಹೊತ್ತಿಗೆ ತೆಗೆದುಕೊಳ್ಳಬೇಕೆಂದು ಅಂದೇ ಕೇಳಿ ಬರೆಸಿಕೊಂಡು ಬನ್ನಿ.