ಆರ್ಕ್ಟಿಕ್ ವನ್ಯಜೀವಿ ಗಣತಿ: ಇನುಯಿಟ್ ಬೇಟೆಗಾರರ ಅರಿವಿನಿಂದ ಆರಂಭಿಸುವ ಬಗೆ

ಕೆನಡಾದ ಉತ್ತರದ ಪ್ರದೇಶವಾದ ನುನಾವುತ್‌ನಲ್ಲಿ ಹಿಮಕರಡಿ, ಕ್ಯಾರಿಬೂ ಎಂಬ ಜಿಂಕೆ ಅಥವಾ ತಿಮಿಂಗಿಲಗಳ ಗಣತಿಗೆ ಹೊರಡುವ ಸಂಶೋಧನಾ ವಿದ್ಯಾರ್ಥಿಗಳು ವಿಮಾನ ಹಾರಬೇಕಾದ ಮಾರ್ಗಗಳನ್ನು ಮೊದಲೇ ನಿಗದಿಪಡಿಸಿಕೊಂಡು, ಆಮೇಲೆ ಒಪ್ಪಿಗೆ ಪಡೆಯುವುದಕ್ಕಷ್ಟೇ ಅಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಜನರ ಊರುಗಳಿಗೆ ಹೋಗುವುದುಂಟು. ಈ ಕ್ರಮ ತಿರುವುಮುರುವಾಗಬೇಕು: ಎಲ್ಲಿ, ಯಾವಾಗ, ಹೇಗೆ ಎಣಿಸಬೇಕೆಂಬುದು ತೀರ್ಮಾನವಾಗುವ ಮೊದಲೇ ಬೇಟೆಗಾರರ ಮಾತನ್ನು ಕೇಳಿರಬೇಕು.

ಅಲಾಸ್ಕದ ಬೋಹೆಡ್ ತಿಮಿಂಗಿಲಗಳ ಪ್ರಕರಣವನ್ನು ಓದಿಕೊಂಡವರಿಗೆ ಇದರ ಕಾರಣ ಬೇಗ ತಿಳಿಯುತ್ತದೆ. ಈ ತಿಮಿಂಗಿಲಗಳು ತೀರ ಕಡಿಮೆಯಾಗಿವೆ ಎಂದು ಭಾವಿಸಿದ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗವು 1977ರಲ್ಲಿ ಸ್ಥಳೀಯರ ಜೀವನಾಧಾರದ ಬೇಟೆಯನ್ನೂ ನಿಲ್ಲಿಸಲು ನಿರ್ಧರಿಸಿತು. ಆ ಹೊತ್ತಿನ ಎಣಿಕೆಗಾರರು ಇಂದಿನ ಉಟ್ಕಿಯಾಗ್ವಿಕ್ ಎಂಬ ಊರಿನ ಬಳಿ ಹಿಮದ ಅಂಚಿನಲ್ಲಿ ನಿಂತು, ತೆರೆದ ನೀರಿನಲ್ಲಿ ಕಣ್ಣಿಗೆ ಬಿದ್ದವನ್ನು ಲೆಕ್ಕ ಹಾಕುತ್ತಿದ್ದರು. ತಿಮಿಂಗಿಲಗಳು ತಲೆಯಿಂದ ಹಿಮವನ್ನು ಒಡೆದು ಉಸಿರಾಡುತ್ತ ಹೆಪ್ಪುಗಟ್ಟಿದ ಕಡಲಿನ ಅಡಿಯಲ್ಲಿಯೂ, ಅಂಚಿನಿಂದ ಕಾಣದಷ್ಟು ದೂರದಲ್ಲಿಯೂ ಸಾಗುತ್ತವೆ ಎಂದು ಅಲಾಸ್ಕದ ಮೂಲನಿವಾಸಿಗಳಾದ ಇನುಪಿಯಾಟ್ ಬೇಟೆಗಾರರು ಪಟ್ಟುಹಿಡಿದು ಹೇಳಿದರು. 1980ರ ದಶಕದಲ್ಲಿ ನೀರಿಗೆ ಧ್ವನಿಗ್ರಾಹಕಗಳನ್ನು ಇಳಿಸಿ ಆಲಿಸಿದಾಗ ಅದು ನಿಜವೆಂದು ದೃಢಪಟ್ಟಿತು. 2001ರ ಅಂದಾಜು 10,000ವನ್ನು ದಾಟಿತು. ಅದರಲ್ಲಿ ಸಂತತಿಯ ನಿಜವಾದ ಬೆಳವಣಿಗೆಯೂ ಸೇರಿದೆ ಎಂಬುದನ್ನು ಕಡೆಗಣಿಸುವಂತಿಲ್ಲ.

ನುನಾವುತ್‌ನಲ್ಲಿ ಮೊದಲ ಪತ್ರ ಬರೆಯಬೇಕಾದುದು ಆಯಾ ಊರಿನ ಬೇಟೆಗಾರರ ಸಂಘಕ್ಕೆ. 1993ರ ನುನಾವುತ್ ಒಪ್ಪಂದವು ಈ ಸಂಘಗಳಿಗೂ, ಬೇಟೆಯ ಮಿತಿಯನ್ನು ನಿರ್ಧರಿಸುವ ವನ್ಯಜೀವಿ ನಿರ್ವಹಣಾ ಮಂಡಳಿಗೂ ಕಾನೂನಿನ ಸ್ಥಾನ ನೀಡಿದೆ. ಸಂಶೋಧನಾ ಪರವಾನಗಿ ಮತ್ತು ವನ್ಯಜೀವಿ ಅನುಮತಿಗಳ ಅರ್ಜಿ ಇದರ ನಂತರದ ಕೆಲಸ.

ಯಾರನ್ನು ಮಾತನಾಡಿಸಬೇಕೆಂಬುದನ್ನು ಸಂಘವೇ ಸೂಚಿಸಲಿ. ಇಂದಿಗೂ ಬೇಟೆಗೆ ಹೋಗುವವರು ಮತ್ತು ಹಿರಿಯರು, ಇಬ್ಬರೂ ಇರಬೇಕು. ಆ ಊರಿನ ಆಡುನುಡಿ ಬಲ್ಲ ದುಭಾಷಿಗೂ, ಮಾತನಾಡುವವರಿಗೂ ಗೌರವಧನದ ಹಣವನ್ನು ಯೋಜನೆಯಲ್ಲಿ ಮೊದಲೇ ತೆಗೆದಿಡಬೇಕು. ದೊಡ್ಡ ಅಳತೆಯ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಅವರ ಕೈಯಿಂದಲೇ ಗುರುತು ಹಾಕಿಸುವುದು ಒಳ್ಳೆಯದು. ಒಟ್ಟು ಎಷ್ಟು ಪ್ರಾಣಿಗಳಿವೆ ಎಂದು ಕೇಳುವುದು ನನ್ನ ದೃಷ್ಟಿಯಲ್ಲಿ ಅತ್ಯಂತ ನಿಷ್ಪ್ರಯೋಜಕ ಪ್ರಶ್ನೆ, ಏಕೆಂದರೆ ತಾವು ಕಣ್ಣಾರೆ ಕಾಣದ್ದರ ಬಗ್ಗೆ ಖಚಿತವಾಗಿ ಮಾತನಾಡಲು ಅನೇಕ ಹಿರಿಯರು ಒಪ್ಪುವುದಿಲ್ಲ. ಅದರ ಬದಲು ಪ್ರಾಣಿಯ ಕೊಬ್ಬು ಎಷ್ಟು ದಪ್ಪವಿತ್ತು, ತಾಯಿಯ ಜೊತೆ ಎಷ್ಟು ಮರಿಗಳಿದ್ದವು, ವಲಸೆಯ ದಾರಿ ಯಾವಾಗ ಬದಲಾಯಿತು, ಹಿಮ ಯಾವಾಗ ಗಟ್ಟಿಯಾಯಿತು ಎಂದು ಕೇಳಬೇಕು. ಇಸವಿಯ ಬದಲು ಮಗುವಿನ ಜನನ ಅಥವಾ ಕುಟುಂಬವು ಬಿಡಾರ ಬಿಟ್ಟು ಊರಿಗೆ ಬಂದು ನೆಲೆಸಿದ ಕಾಲವನ್ನು ಹಿಡಿದು ಕೇಳಿದರೆ ನೆನಪು ಹೆಚ್ಚು ನಿಖರವಾಗಿ ಮೂಡುತ್ತದೆ. ಸ್ವತಃ ಕಂಡದ್ದು, ತಂದೆಯಿಂದ ಕೇಳಿದ್ದು, ಊಹಿಸಿದ್ದು ಎಂಬ ಮೂರನ್ನು ಬೇರೆ ಬೇರೆಯಾಗಿ ದಾಖಲಿಸಬೇಕು.

ಎಣಿಕೆಯ ವಿಧಾನವನ್ನೂ ಚರ್ಚೆಗೆ ಇಡಬೇಕು. ಹಿಮಕರಡಿಗೆ ಅರಿವಳಿಕೆ ನೀಡಿ ಕೊರಳಪಟ್ಟಿ ತೊಡಿಸುವುದು ಪ್ರಾಣಿಗೆ ತೋರುವ ಅಗೌರವವೆಂದು ಅನೇಕ ಇನುಯಿಟ್ ಜನರು ಆಕ್ಷೇಪಿಸಿದ್ದಾರೆ. ವಿಮಾನದಿಂದ ಎಣಿಸುವುದು ಅಥವಾ ಸಣ್ಣ ಬಾಣದಿಂದ ಚರ್ಮದ ಚೂರನ್ನು ಪಡೆದು ವಂಶವಾಹಿಗಳಿಂದ ಪ್ರಾಣಿಯನ್ನು ಗುರುತಿಸುವುದು ಇದಕ್ಕೆ ಪರ್ಯಾಯಗಳು.

ಇಷ್ಟಾದ ಮೇಲೆ ಸಮೀಕ್ಷೆಯ ನಕ್ಷೆ ಬರೆಯಬಹುದು. ಐವರಿ ಗಲ್ ಎಂಬ ಬಿಳಿಯ ಕಡಲಹಕ್ಕಿ ವಿರಳವಾಗುತ್ತಿದೆ ಎಂದು ಗ್ರೀಸ್ ಫಿಯೋರ್ಡ್ ಮತ್ತು ರೆಸೊಲ್ಯೂಟ್ ಮೊದಲಾದ ಊರುಗಳ ಜನರು ಹೇಳಿದ ಬಳಿಕ, 2002 ಮತ್ತು 2003ರಲ್ಲಿ ನಡೆದ ಸಮೀಕ್ಷೆಗಳು ಸುಮಾರು ಶೇಕಡ 80ರಷ್ಟು ಕುಸಿತವನ್ನು ತೋರಿಸಿದವು. ಏರಿಳಿತದ ಸುಳಿವು ಜನರಿಂದ ಬಂತು, ಪ್ರಮಾಣ ಸಮೀಕ್ಷೆಯಿಂದ ತಿಳಿಯಿತು.

ಜನರ ಮಾತೂ ಸಮೀಕ್ಷೆಯೂ ಒಂದಕ್ಕೊಂದು ಹೊಂದದಿದ್ದಾಗ ಅವಸರ ಮಾಡಬಾರದು. ಹಡ್ಸನ್ ಕೊಲ್ಲಿಯ ಪಶ್ಚಿಮ ಭಾಗದ ಹಿಮಕರಡಿಗಳ ಅಂದಾಜು 2016ರಲ್ಲಿ 842 ಇದ್ದದ್ದು 2021ರಲ್ಲಿ 618ಕ್ಕೆ ಇಳಿಯಿತು. ಆದರೆ ಅಲ್ಲಿನ ಅರ್ವಿಯಾಟ್‌ನಂತಹ ಊರುಗಳ ಜನರು ಕರಡಿಗಳು ಹೆಚ್ಚಿವೆ ಎನ್ನುತ್ತ ಬಂದಿದ್ದಾರೆ. ಕಡಲ ಹಿಮ ಬೇಗ ಕರಗುವುದರಿಂದ ಕರಡಿಗಳು ದಡದಲ್ಲಿ ಹೆಚ್ಚು ಕಾಲ ಕಳೆದು ಜನರ ಕಣ್ಣಿಗೆ ಬೀಳುತ್ತಿವೆ ಎಂಬ ವಿವರಣೆಯನ್ನು ಸಿದ್ಧ ಉತ್ತರದಂತೆ ಬಳಸಿ ಬೇಟೆಗಾರರ ಮಾತನ್ನು ತಳ್ಳಿಹಾಕಬಾರದು. ಎರಡು ನಿಲುವುಗಳನ್ನೂ, ಪ್ರತಿಯೊಂದೂ ಯಾವ ಋತುವಿಗೆ ಮತ್ತು ಯಾವ ಜಾಗಕ್ಕೆ ಸಂಬಂಧಿಸಿದ್ದು ಎಂಬ ವಿವರದೊಂದಿಗೆ, ಪ್ರತ್ಯೇಕವಾಗಿ ಮಂಡಳಿಯ ಮುಂದಿಡಬೇಕು.

ವರದಿಯ ಕರಡನ್ನು ಪ್ರಕಟಣೆಗೆ ಮುನ್ನ ಇನುಕ್ಟಿಟುಟ್ ಭಾಷೆಯಲ್ಲಿ ಊರಿನವರಿಗೆ ಓದಿಹೇಳಿ ತಿದ್ದಿಸಿಕೊಳ್ಳಬೇಕು. ಧ್ವನಿಮುದ್ರಿಕೆ ಮತ್ತು ನಕ್ಷೆಗಳ ಪ್ರತಿಗಳು ಸಂಘದ ಬಳಿ ಉಳಿಯಬೇಕು. ಕರಡಿಯ ಗುಹೆ, ಕ್ಯಾರಿಬೂ ಮರಿಹಾಕುವ ಬಯಲುಗಳಂತಹ ತಾಣಗಳನ್ನು ಸಂಘದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ನಕ್ಷೆಯಲ್ಲಿ ತೋರಿಸಬಾರದು.